ಭೂಕಂಪ ಸುರಕ್ಷೆ: ಮೇಜಿಗಿಂತ ಮೊದಲು ಗೋಡೆ ನೋಡಿ

ಶಾಲೆಗಳಲ್ಲಿ ತೂಗುಹಾಕುವ ಸುರಕ್ಷಾ ಭಿತ್ತಿಪತ್ರಗಳನ್ನು ನೀವು ನೋಡಿರಬಹುದು. 'ಭೂಮಿ ನಡುಗಿದಾಗ ಮೇಜಿನ ಕೆಳಗೆ ಸೇರಿ, ತಲೆ ಮುಚ್ಚಿಕೊಳ್ಳಿ, ಮೇಜಿನ ಕಾಲನ್ನು ಬಿಗಿಯಾಗಿ ಹಿಡಿದುಕೊಳ್ಳಿ' ಎಂಬುದು ಒಂದು ಸೂಚನೆ. 'ಸಮುದ್ರದ ನೀರು ಹಿಂದೆ ಸರಿದರೆ ಎತ್ತರದ ಜಾಗಕ್ಕೆ ಓಡಿ' ಎಂಬುದು ಇನ್ನೊಂದು. ಎರಡೂ ಸರಿಯಾದ ಸೂಚನೆಗಳೇ. ಆದರೆ ಭಿತ್ತಿಪತ್ರವನ್ನು ತೂಗುಹಾಕಿದ ಗೋಡೆಯ ಬಗ್ಗೆ ಸಾಮಾನ್ಯವಾಗಿ ಅದರಲ್ಲಿ ಒಂದು ಮಾತೂ ಇರುವುದಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಭಾಗದ ಮಟ್ಟಿಗೆ ಇದು ಸಣ್ಣ ಲೋಪವಲ್ಲ. ಏಕೆಂದು ಪರಿಶೀಲಿಸೋಣ.

ಮೊದಲು ಸುನಾಮಿಯ ಮಾತು. ಬಸವಕಲ್ಯಾಣ ಅರಬ್ಬಿ ಸಮುದ್ರದ ತೀರದಿಂದ 350 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ದಖನ್ ಪ್ರಸ್ಥಭೂಮಿಯ ಮೇಲಿದೆ. ಯಾವ ಸುನಾಮಿಯೂ ಅಲ್ಲಿಗೆ ತಲಪದು. ಹಾಗೆಂದು ಸುನಾಮಿಯ ಪಾಠ ಬೇಡವೆಂದಲ್ಲ. 2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್ ದ್ವೀಪದ ಕಡಲತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಬ್ರಿಟಿಷ್ ಬಾಲಕಿ ಸಮುದ್ರದ ನೀರು ವಿಚಿತ್ರವಾಗಿ ವರ್ತಿಸುವುದನ್ನು ಕಂಡು, ಎರಡು ವಾರಗಳ ಹಿಂದಷ್ಟೇ ಕಲಿತ ಭೂಗೋಳ ಪಾಠವನ್ನು ನೆನೆದು ಎಚ್ಚರಿಸಿದಳು. ಸುಮಾರು ನೂರು ಜನ ಉಳಿದರು. ಅವಳು ಪ್ರವಾಸಕ್ಕೆ ಬಂದಿದ್ದವಳು. ನಮ್ಮ ಮಕ್ಕಳೂ ಗೋಕರ್ಣಕ್ಕೋ ಮಲ್ಪೆಗೋ ಪ್ರವಾಸ ಹೋಗುತ್ತಾರೆ. ಆದ್ದರಿಂದ ಬಸವಕಲ್ಯಾಣದಲ್ಲಿ ಸುನಾಮಿ ತರಗತಿಯ ಪಾಠವಾಗಿರಲಿ. ಅಣಕು ಕವಾಯತಿನ ಸಮಯವೆಲ್ಲ ಭೂಕಂಪಕ್ಕೆ ಮೀಸಲಾಗಲಿ.

ಇದಕ್ಕೆ ಕಾರಣ ತೀರ ಹತ್ತಿರದಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ಕಿಲ್ಲಾರಿಯು ಬಸವಕಲ್ಯಾಣದಿಂದ ನೇರ ಅಂತರದಲ್ಲಿ ಸುಮಾರು 40 ಕಿ.ಮೀ., ಹುಮನಾಬಾದಿನಿಂದ ಸುಮಾರು 60 ಕಿ.ಮೀ. ಭೂಕಂಪದ ಪರಿಮಾಣ 6.2. ಮಡಿದವರು 8ರಿಂದ 10 ಸಾವಿರ. ಅಂದಿನ ಭೂಕಂಪ ನಕಾಶೆಯಲ್ಲಿ ಈ ಪ್ರದೇಶ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ 1ನೇ ವಲಯವನ್ನೇ ಕೈಬಿಟ್ಟು, ಕಿಲ್ಲಾರಿ ಪ್ರದೇಶವನ್ನು 3ನೇ ವಲಯಕ್ಕೆ ಸೇರಿಸಲಾಯಿತು.

ಈಗ ಒಂದು ಹೋಲಿಕೆ. 1989ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೇಟಾ ಭೂಕಂಪವಾಯಿತು. ಅದರ ಪರಿಮಾಣ 6.9. ಪರಿಮಾಣ ಒಂದು ಅಂಕಿ ಹೆಚ್ಚಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಈ ಲೆಕ್ಕದಲ್ಲಿ ಅದು ಕಿಲ್ಲಾರಿಯದಕ್ಕಿಂತ ಸುಮಾರು 11 ಪಟ್ಟು ಶಕ್ತಿಶಾಲಿ. ಅಲ್ಲಿ ಸತ್ತವರು 63 ಜನ. ಹಾಗಾದರೆ ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಯಾವುದು? ಮುಖ್ಯವಾಗಿ ಅವರ ಮನೆಗಳೇ.

ಕಾಡುಗಲ್ಲು, ಮಣ್ಣಿನ ಗಾರೆಯ ದಪ್ಪ ಗೋಡೆಗಳು. ಮರದ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ಬಿಸಿಲಿಗೆ ಇದಕ್ಕಿಂತ ತಂಪಾದ ಮನೆ ಇಲ್ಲ. ಆದರೆ ಮಾಳಿಗೆಯ ತೂಕವನ್ನು ಲೆಕ್ಕ ಹಾಕಿ ನೋಡಿ. 6 ಮೀಟರ್ ಉದ್ದ, 5 ಮೀಟರ್ ಅಗಲದ ಕೋಣೆಯ ಮೇಲೆ ಅರ್ಧ ಮೀಟರ್ ಮಣ್ಣಿದೆ ಎನ್ನೋಣ. ಮಣ್ಣಿನ ಸಾಂದ್ರತೆ ಘನ ಮೀಟರಿಗೆ 1600 ಕಿ.ಗ್ರಾಂ. ಎಂದರೆ ಒಟ್ಟು ದ್ರವ್ಯರಾಶಿ 24 ಟನ್. ನ್ಯೂಟನ್ನನ ಎರಡನೆಯ ನಿಯಮದಂತೆ ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ನೆಲದ ವೇಗೋತ್ಕರ್ಷ ಗುರುತ್ವದ ಐದನೆಯ ಒಂದು ಭಾಗವಾದರೂ, ಸುಮಾರು 5 ಟನ್ ತೂಕದಷ್ಟು ಬಲ ಗೋಡೆಯ ತಲೆಯನ್ನು ಅಡ್ಡಡ್ಡ ತಳ್ಳುತ್ತದೆ. ಅದೇ ಕೋಣೆಗೆ 12 ಸೆಂ.ಮೀ. ದಪ್ಪದ ಕಾಂಕ್ರೀಟ್ ಚಾವಣಿ ಇದ್ದರೆ ದ್ರವ್ಯರಾಶಿ ಸುಮಾರು 9 ಟನ್, ಬಲ 2 ಟನ್ನಿಗೂ ಕಡಿಮೆ. ಗೋಡೆಯೂ ತನ್ನ ತೂಕಕ್ಕೆ ತಕ್ಕ ಬಲವನ್ನು ತಾನೇ ತಂದುಕೊಳ್ಳುತ್ತದೆ. ಅಂದರೆ ದಪ್ಪ ಗೋಡೆ ಭದ್ರ ಎಂಬ ನಮ್ಮ ನಂಬಿಕೆ ಇಲ್ಲಿ ತಿರುವುಮುರುವಾಗುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಕಾಣದು. ಇಂಥ ಗೋಡೆಯಲ್ಲಿ ಸಾಮಾನ್ಯವಾಗಿ ಒಳಮೈಗೊಂದು, ಹೊರಮೈಗೊಂದು ಕಲ್ಲಿನ ಸಾಲಿದ್ದು, ನಡುವೆ ಚೂರುಕಲ್ಲು, ಮಣ್ಣು ತುಂಬಿರುತ್ತದೆ. ಎರಡೂ ಸಾಲನ್ನು ಹೊಲಿಯುವ ಉದ್ದ ಕಲ್ಲು ಇಲ್ಲದಿದ್ದರೆ, ಅಲುಗಾಟಕ್ಕೆ ಸಾಲುಗಳು ಬೇರ್ಪಟ್ಟು ಉಬ್ಬಿ ಕುಸಿಯುತ್ತವೆ. 1993ರಲ್ಲೇ ಬಂದ ಭಾರತೀಯ ಮಾನಕ 13828 ಇಂಥ ಕಟ್ಟಡಗಳ ಕುರಿತದ್ದು. ಕಲ್ಲುಗೋಡೆ 450 ಮಿ.ಮೀ. ದಪ್ಪವನ್ನು ಮೀರಬಾರದು, ಪ್ರತಿ 600 ಮಿ.ಮೀ. ಎತ್ತರಕ್ಕೊಮ್ಮೆ, 1.2 ಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ, ಗೋಡೆಯ ಇಡೀ ದಪ್ಪಕ್ಕೂ ಹಾಯುವ ಕಲ್ಲುಗಳಿರಬೇಕು ಎನ್ನುತ್ತದೆ ಅದು.

ಇಷ್ಟು ತಿಳಿದ ಮೇಲೆ ಭಿತ್ತಿಪತ್ರದ ಸೂಚನೆಗಳನ್ನು ಮತ್ತೆ ಓದಿ. ಮೇಜಿನ ಕೆಳಗೆ ಸೇರುವ ಸೂಚನೆ ಕುಸಿಯದೆ ನಿಲ್ಲುವ ಕಟ್ಟಡಕ್ಕೆ ಹೇಳಿದ್ದು. ಅಲ್ಲಿ ಅಪಾಯ ಬೀಳುವ ಗಾಜು, ಫ್ಯಾನು, ಕಪಾಟುಗಳಿಂದ. ತಲೆಯ ಮೇಲೆ 24 ಟನ್ ಮಣ್ಣಿರುವಲ್ಲಿ ಮೇಜು ಏನು ಮಾಡೀತು? ಭಾರವಾದ ಚಾವಣಿಯ ಮಣ್ಣು-ಕಲ್ಲಿನ ಕಟ್ಟಡದ ನೆಲ ಅಂತಸ್ತಿನಲ್ಲಿ, ಬಾಗಿಲ ಬಳಿ ಇರುವವರು ಕೂಡಲೇ ಬಯಲಿಗೆ ಬರುವುದೇ ಮೇಲು. ನೆಲದ ಮೇಲೆ ಕೂರುವ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗಂತೂ ಎಷ್ಟೋ ಕಡೆ ಮೇಜೇ ಇರುವುದಿಲ್ಲ.

'ಹೊರಗೆ ಹೋಗಿ' ಎಂದರೂ ಸಾಲದು. 2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿದ್ದ 185 ಮಕ್ಕಳು, 20 ಶಿಕ್ಷಕರು ಇಕ್ಕೆಲದ ಕಟ್ಟಡಗಳು ಕುಸಿದು ಮಡಿದರು. ಅವರಿದ್ದದ್ದು ಹೊರಗೇ, ಆದರೆ ಇಕ್ಕಟ್ಟಾದ ಓಣಿಯಲ್ಲಿ. ಬಸವಕಲ್ಯಾಣದ ಹಳೆಯ ಪೇಟೆಯ ಓಣಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಗೆ ಎಂದರೆ ಎಲ್ಲಿಗೆ ಎಂಬುದನ್ನು ಶಾಲೆ ಮೊದಲೇ ಗೊತ್ತುಮಾಡಿರಬೇಕು.

ಕೊನೆಯ ಆಕ್ಷೇಪ ವೇಳೆಯದು. ಕಿಲ್ಲಾರಿಯಲ್ಲಿ ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನ ನಿದ್ದೆಯಲ್ಲಿದ್ದರು. ಗಂಟೆ ಬಾರಿಸಿ ಹಗಲು ಹೊತ್ತು ನಡೆಸುವ ಕವಾಯತು ಆ ಮಕ್ಕಳಿಗೆ ಯಾವ ನೆರವನ್ನೂ ಕೊಡುತ್ತಿರಲಿಲ್ಲ. ಶಾಲೆಯ ಪಾಠ ಮನೆಯವರೆಗೆ ನಡೆದುಹೋಗಬೇಕು.

ಇದಕ್ಕೆ ದುಬಾರಿ ಉಪಕರಣ ಬೇಡ. ಅಳತೆಪಟ್ಟಿ, ಕಾಗದ, ಪೆನ್ಸಿಲ್ ಸಾಕು. ಪ್ರತಿ ವಿದ್ಯಾರ್ಥಿಯೂ ಕಿಟಕಿಯ ಬಳಿ ಮನೆಯ ಗೋಡೆಯ ದಪ್ಪ ಅಳೆಯಲಿ. ಗಾರೆ ಮಣ್ಣಿನದೋ ಸಿಮೆಂಟಿನದೋ, ಗೋಡೆ ಎಲ್ಲಾದರೂ ಉಬ್ಬಿದೆಯೋ, ಮಾಳಿಗೆಯ ಮಣ್ಣೆಷ್ಟು, ಯಾರ ಹಾಸಿಗೆ ಯಾವ ಗೋಡೆಯ ಪಕ್ಕ ಎಂದು ಬರೆದು ತರಲಿ. ಮಾಳಿಗೆಯ ತೂಕವನ್ನು ತರಗತಿಯಲ್ಲೇ ಲೆಕ್ಕ ಹಾಕಿಸಿ. ಮಳೆಗಾಲಕ್ಕೆ ಮುನ್ನ ಹಳೆಯ ಮಣ್ಣು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹೊದಿಸುವ ಮನೆಯಲ್ಲಿ ಈ ಲೆಕ್ಕವೇ ಒಂದು ಎಚ್ಚರಿಕೆ. ಮಣ್ಣು ಇಳಿಸುವುದು, ಹಾಸಿಗೆ ಸರಿಸುವುದು ಮನೆಯವರ ಕೈಯಲ್ಲಿದೆ. ಉಬ್ಬಿದ ಶಾಲಾಗೋಡೆ ಕಂಡರೆ ಎಸ್‌ಡಿಎಂಸಿ ಸಭೆಯಲ್ಲಿಟ್ಟು, ಇಂಜಿನಿಯರ್ ಬಂದು ನೋಡುವಂತೆ ಲಿಖಿತವಾಗಿ ಕೇಳಿ.

ಕಿಲ್ಲಾರಿಯ ಸುತ್ತ 1992ರಲ್ಲೇ ಸಣ್ಣ ಕಂಪನಗಳು ಆಗಿದ್ದವು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತಲೂ ಭೂಮಿ ಮತ್ತೆ ಮತ್ತೆ ನಡುಗಿತು. ಸಣ್ಣ ಕಂಪನಗಳ ಬೆನ್ನಿಗೆ ದೊಡ್ಡದು ಬಂದೇ ಬರುತ್ತದೆ ಎಂದೇನಿಲ್ಲ. ಯಾವಾಗ ಬರುತ್ತದೆಂದು ಹೇಳುವ ವಿಧಾನವೂ ವಿಜ್ಞಾನದ ಬಳಿ ಇಲ್ಲ. ಆದರೆ ಯಾವ ಗೋಡೆ ಮೊದಲು ಬೀಳುತ್ತದೆ ಎಂಬುದನ್ನು ಬಹಳಮಟ್ಟಿಗೆ ಇಂದೇ ಹೇಳಬಹುದು. ಭಿತ್ತಿಪತ್ರ ಮೊದಲು ಹೇಳಬೇಕಾದ್ದು ಇದನ್ನೇ. ಅದು ಹೇಳದಿದ್ದರೆ ಶಿಕ್ಷಕರಾದ ನೀವು ಹೇಳಿ.