ಬೆವರಿಲ್ಲದ ದುಡ್ಡು

ಸಿದ್ದರಬೆಟ್ಟದ ತಪ್ಪಲಿನ ನಮ್ಮೂರಿನಲ್ಲಿ ಅಜ್ಜಿ ಕಡ್ಲೆಕಾಯಿ ಸುಲಿದ ಕೂಲಿಯಲ್ಲೇ ಸಂಸಾರ ತೂಗಿಸಿದಳು. ಆದರೂ ದಿನಾ ಒಂದು ಮುದ್ದೆ ಹೆಚ್ಚಿಗೆ ತೊಳಸುತ್ತಿದ್ದಳು, ಯಾರಾದರೂ ಬಂದಾರು ಎಂದು. 2013ರಲ್ಲಿ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದುವಾಗ ಆ ಮುದ್ದೆ ನೆನಪಾಯಿತು.

ಕಥೆಯ ಮನೆಯಲ್ಲಿ ಮೊದಲು ಪೈಸೆ ಪೈಸೆಗೂ ಎಲ್ಲರೂ ಕೂತು ಲೆಕ್ಕ ಹಾಕುತ್ತಿದ್ದರು. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿದ ಮೇಲೆ ಲೆಕ್ಕವೇ ಹೋಯಿತು. ಆದರೆ ಕೈ ಬಿಚ್ಚಿದರೂ ಮನಸ್ಸು ಬಿಚ್ಚಲಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಸಾರಿನ ಡಬ್ಬಿ ಹಿಡಿದು ಬಂದ ಹೆಂಗಸನ್ನು ಮನೆಯ ಹೆಂಗಸರೇ ಬೈದಟ್ಟುತ್ತಾರೆ.

ಏಕೆ? ದುಡಿದವಳಿಗೆ ಹೋದದ್ದನ್ನು ಮತ್ತೆ ದುಡಿದೇನೆಂಬ ಧೈರ್ಯವಿರುತ್ತದೆ. ಯಾರದೋ ದುಡಿಮೆಯಲ್ಲಿ ಉಣ್ಣುವವಳಿಗೆ ಬಾಗಿಲಿಗೆ ಬಂದವರೆಲ್ಲ ಕಸಿಯುವವರೇ. ಗಂಡ ಸ್ವಂತ ದುಡಿಯಲಿ ಎನ್ನುವ ಅನಿತಾಳನ್ನು ಆ ಮನೆ ಸಹಿಸದು. ಅವಳ ಮಾತೂ ಗಂಡನ ಬಾಯಿಂದಲೇ ನಮಗೆ ತಲುಪಬೇಕು. ಅದು ಕಥೆಯ ಜಾಣತನ, ನನಗೆ ಕೊರತೆಯೂ ಹೌದು.

ಪಾವಗಡದ ಸೋಲಾರ್ ಪಾರ್ಕ್ 2018ರಲ್ಲಿ ಉದ್ಘಾಟನೆಯಾಯಿತು. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತಾಗಿತ್ತು. ಬರದಲ್ಲಿ ಬೆಂದವರು ಅವರು. ಆ ದುಡ್ಡನ್ನು ಹಳಿಯಲಾರೆ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ತುಂಡು ಭೂಮಿಯೂ ಇಲ್ಲದ ಹೆಂಗಸಿಗೆ ಕೂಲಿಯೂ ಹೋಯಿತು, ಬಾಡಿಗೆಯೂ ಇಲ್ಲ. ನಾಳೆ ಅವಳು ಬಾಗಿಲಿಗೆ ಬಂದರೆ ಒಳಗಿನವರು ಏನೆನ್ನುತ್ತಾರೆ? ಈ ಪುಸ್ತಕ ಮುಚ್ಚಿಟ್ಟ ಮೇಲೂ ನನ್ನನ್ನು ಕೇಳುತ್ತಿರುವುದು ಅದನ್ನೇ.