ಬರೆದ ಜಿಂಕೆಗಾಗಿ ಮಿಡಿದ ಮನಸ್ಸು

ಕಾರ್ಟೂನ್ ಚಿತ್ರಗಳೆಂದರೆ ಮಕ್ಕಳ ಕಾಲಹರಣದ ಸಾಧನವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಬೆಕ್ಕು ಇಲಿಯನ್ನು ಅಟ್ಟುವುದು, ಪೆಟ್ಟು ತಿಂದದ್ದು ಮರುಕ್ಷಣ ಪುಟಿದೇಳುವುದು, ಇಷ್ಟನ್ನೇ ಕಂಡವರಿಗೆ ಹಾಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇದೇ ಕಲೆಯ ಶ್ರೇಷ್ಠ ಕೃತಿಗಳಲ್ಲಿ ಪೆಟ್ಟಿಗೆ ನೋವುಂಟು, ಸತ್ತವರು ಮರಳಿ ಬರುವುದಿಲ್ಲ. ಅಂತಹ ಮೂರು ದೃಶ್ಯಗಳನ್ನು ಇಲ್ಲಿ ಪರಿಶೀಲಿಸಬಹುದು.

ಬಣ್ಣದ ಗೆರೆಗಳಿಗೆ ಜೀವವಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಭ್ರಮೆಗೆ ಮರುಗಿ ಫಲವೇನು ಎಂದು ಕೇಳುವವರುಂಟು. ಉತ್ತರ ನಮ್ಮ ಜನ್ನನಲ್ಲಿಯೇ ಇದೆ. 13ನೆಯ ಶತಮಾನದ ಆದಿಯಲ್ಲಿ ಅವನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜನು ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಭವಭವಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಯ ಮೇಲೆ ಎತ್ತಿದ ಕತ್ತಿ ಲೆಕ್ಕಕ್ಕೆ ಬರುವುದಾದರೆ, ಬರೆದ ಜಿಂಕೆಗಾಗಿ ಮಿಡಿದ ಮನಸ್ಸೂ ಲೆಕ್ಕಕ್ಕೆ ಬರಬೇಕಷ್ಟೆ.

ಮೊದಲನೆಯದು ವಾಲ್ಟ್ ಡಿಸ್ನಿಯವರ 1937ರ ‘ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್’. ರಾಜಕುಮಾರಿಯನ್ನು ಕೊಂದು ಅವಳ ಹೃದಯವನ್ನು ಪೆಟ್ಟಿಗೆಯಲ್ಲಿ ತರುವಂತೆ ರಾಣಿಯು ಬೇಟೆಗಾರನಿಗೆ ಆಜ್ಞಾಪಿಸುತ್ತಾಳೆ. ಹುಡುಗಿ ದಾರಿತಪ್ಪಿದ ಹಕ್ಕಿಮರಿಯೊಂದನ್ನು ಸಂತೈಸುತ್ತಿರುವಾಗ ಅವನ ನೆರಳು ಅವಳ ಮೇಲೆ ಬೀಳುತ್ತದೆ. ಎತ್ತಿದ ಕೈ ನಡುಗುತ್ತದೆ, ಚೂರಿ ಕೆಳಗೆ ಬೀಳುತ್ತದೆ. ಅವನು ಮಂಡಿಯೂರಿ ಕ್ಷಮೆ ಬೇಡುತ್ತಾನೆ. ಹಿಂಸೆಗೆ ಹೊರಟವನ ಮನಃಪರಿವರ್ತನೆಯನ್ನು ಇಷ್ಟು ಸಂಕ್ಷೇಪವಾಗಿ ತೋರಿಸಿದ ದೃಶ್ಯಗಳು ವಿರಳ. ಆದರೆ ಪೆಟ್ಟಿಗೆಯಲ್ಲಿದ್ದದ್ದು ಹಂದಿಯ ಹೃದಯವೆಂದು ಮಾಯಾದರ್ಪಣ ಮುಂದೆ ತಿಳಿಸುತ್ತದೆ. ರಾಣಿಗೆ ಮೋಸವಾಯಿತೆಂಬುದಷ್ಟೇ ಚಿತ್ರಕ್ಕೆ ಮುಖ್ಯ. ಸತ್ತ ಹಂದಿಯನ್ನು ಯಾರೂ ಕೇಳುವುದಿಲ್ಲ. ಬೇಟೆಗಾರನ ಕರುಣೆ ಮನುಷ್ಯಕುಲದ ಗಡಿಯಲ್ಲಿಯೇ ನಿಂತುಬಿಟ್ಟಿತು.

ಆ ಗಡಿಯನ್ನು ದಾಟಿದ್ದು ಅದೇ ಸಂಸ್ಥೆಯ 1942ರ ‘ಬ್ಯಾಂಬಿ’. ಫೆಲಿಕ್ಸ್ ಸಾಲ್ಟನ್ನರ ಕಾದಂಬರಿಯನ್ನು ಆಧರಿಸಿದ ಈ ಚಿತ್ರಕ್ಕಾಗಿ ಕಲಾವಿದರು ಜೀವಂತ ಜಿಂಕೆಮರಿಗಳನ್ನು ಸ್ಟುಡಿಯೊಗೆ ತರಿಸಿಕೊಂಡು ಅವುಗಳ ನಡಿಗೆಯನ್ನು ಅಭ್ಯಾಸ ಮಾಡಿದರು. ಚಳಿಗಾಲದ ಕೊನೆಯಲ್ಲಿ ತಾಯಿಯೂ ಮರಿಯೂ ಹಿಮದ ನಡುವೆ ಚಿಗುರಿದ ಹುಲ್ಲನ್ನು ಮೇಯುತ್ತಿರುತ್ತವೆ. ತಾಯಿಗೆ ಅಪಾಯದ ಸುಳಿವು ಸಿಗುತ್ತದೆ. ಹಿಂದಿರುಗಿ ನೋಡದೆ ಓಡೆನ್ನುತ್ತದೆ. ಗುಂಡಿನ ಸದ್ದು ಕೇಳುತ್ತದೆ. ಮರಿ ಅಡಗುತಾಣ ಸೇರಿ ತಿರುಗಿ ನೋಡಿದರೆ ತಾಯಿಯಿಲ್ಲ; ಸುರಿಯುವ ಹಿಮದಲ್ಲಿ ಅದು ಕೂಗುತ್ತ ಅಲೆಯುತ್ತದೆ.

ಗುಂಡು ತಾಗಿದ್ದನ್ನು ಚಿತ್ರ ತೋರಿಸುವುದಿಲ್ಲ; ಕೊಂದವನ ಮುಖವೂ ಕೊನೆಯವರೆಗೆ ಕಾಣುವುದಿಲ್ಲ. ಕ್ಯಾಮೆರಾದ ಎದುರಿಗೆ ಆಕಸ್ಮಿಕವಾಗಿ ಏನಾದರೂ ಸುಳಿಯಬಹುದು. ಕಾರ್ಟೂನಿನಲ್ಲಿ ಮಾತ್ರ ಯಾರೂ ಬರೆಯದ ಗೆರೆ ಇರಲಾರದು. ಆದ್ದರಿಂದ ಇಲ್ಲಿ ರಕ್ತವಿಲ್ಲದಿರುವುದು ಕಲಾವಿದರು ಬೇಕೆಂದೇ ಪಾಲಿಸಿದ ಸಂಯಮ. ಕೊಲೆಗಾರನಿಗೆ ಮುಖವಿದ್ದಿದ್ದರೆ ನಾವು ಅವನನ್ನು ದ್ವೇಷಿಸಿ ಹಗುರಾಗುತ್ತಿದ್ದೆವು. ಮುಖವಿಲ್ಲದ್ದರಿಂದ ಅವನು ನಮ್ಮಲ್ಲಿ ಯಾರೂ ಆಗಬಹುದು. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಶೋಕ ಎದೆಗಿಳಿಯುವ ಮೊದಲೇ ವಸಂತದ ಹಕ್ಕಿಗಳು ಹಾಡತೊಡಗುತ್ತವೆ. ಪ್ರೇಕ್ಷಕರನ್ನು ಅಳಿಸಿದ ನಿರ್ಮಾಪಕರು ತಾವೇ ಅದಕ್ಕೆ ಅಂಜಿದಂತೆ ತೋರುತ್ತದೆ.

ಹಾಗೆ ಅಂಜದ ಚಿತ್ರ ಜಪಾನಿನ ಇಸಾವೊ ತಕಹಾತರ ‘ಮಿಂಚುಹುಳುಗಳ ಸಮಾಧಿ’, 1988ರದು. 1945ರ ಕೋಬೆ ನಗರದ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಸೇತ ಎಂಬ ಹುಡುಗನೂ ಅವನ ಪುಟ್ಟ ತಂಗಿ ಸೆತ್ಸುಕೊಳೂ ಪಾಳುಬಿದ್ದ ಆಶ್ರಯತಾಣವೊಂದನ್ನು ಸೇರುತ್ತಾರೆ. ರಾತ್ರಿ ಬೆಳಕಿಗಾಗಿ ಮಿಂಚುಹುಳುಗಳನ್ನು ಹಿಡಿದು ಸೊಳ್ಳೆಪರದೆಯೊಳಗೆ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಅವು ಸತ್ತಿರುತ್ತವೆ. ಮಗು ಮಣ್ಣು ತೋಡಿ ಅವುಗಳಿಗೆ ಸಮಾಧಿ ಮಾಡುತ್ತ, ಅಮ್ಮನೂ ಸಮಾಧಿಯಲ್ಲಿದ್ದಾಳಂತೆ ಎನ್ನುತ್ತದೆ. ತಾಯಿಯ ಸಾವನ್ನು ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಅಣ್ಣ ಅಳುತ್ತಾನೆ. ಆ ಮಗುವಿನ ಕೈಯಲ್ಲಿ ಹುಳುವಿನ ಸಾವೂ ತಾಯಿಯ ಸಾವೂ ಒಂದೇ ಮಣ್ಣಿಗೆ ಸೇರುತ್ತವೆ. ತಮ್ಮ ಒಂದಿರುಳ ಬೆಳಕಿಗಾಗಿ ಆ ಜೀವಗಳು ಹೋದವೆಂಬುದನ್ನೂ ಚಿತ್ರ ಮರೆಮಾಚುವುದಿಲ್ಲ. ಇಲ್ಲಿ ಸಾಂತ್ವನದ ಹಾಡಿಲ್ಲ.

ಇಂತಹ ದೃಶ್ಯ ಬಂದೊಡನೆ ಮಕ್ಕಳು ಅತ್ತಾರೆಂದು ಮುಂದಕ್ಕೆ ಓಡಿಸುವ ತಂದೆತಾಯಿಗಳಿದ್ದಾರೆ. ಕೊನೆಯ ಚಿತ್ರ ತೀರ ಎಳೆಯರಿಗೆ ತಕ್ಕುದಲ್ಲ, ನಿಜ. ಉಳಿದೆರಡರ ವಿಷಯದಲ್ಲಿ ಆ ಆತುರ ಬೇಡ. ಪರರ ನೋವಿಗೆ ಅಳಬಲ್ಲ ಮಗುವಿನ ಕಣ್ಣೊರೆಸುವುದು ಸುಲಭ. ಅಳಲಾರದ ಮಗುವಿಗೆ ಕರುಣೆಯನ್ನು ಕಲಿಸುವುದು ಕಠಿಣ. ಹಿರಿಯರು ಪಕ್ಕದಲ್ಲಿ ಕುಳಿತು ನೋಡಲಿ. ದರ್ಪಣ ಹಂದಿಯ ಹೃದಯದ ಮಾತೆತ್ತಿದಾಗ, ಆ ಹಂದಿಯ ಗತಿ ಏನಾಯಿತೆಂದು ಮಕ್ಕಳನ್ನೇ ಕೇಳಲಿ.