ಕೆಂಪುಕಣವೆಂಬ ಅಳತೆಗೋಲು

ಬೇರೆ ಅಂಗಾಂಶಗಳನ್ನು ಗುರುತಿಸುವಾಗ ಕಣ್ಣಿಗೆ ಮೊದಲು ಒದಗುವುದು ಜೀವಕೋಶಗಳ ಜೋಡಣೆ. ಚರ್ಮದಲ್ಲಿ ಪದರಗಳಿವೆ, ಮೂಳೆಯಲ್ಲಿ ವರ್ತುಲಗಳಿವೆ. ರಕ್ತವೂ ಸಂಯೋಜಕ ಅಂಗಾಂಶವೇ. ಆದರೆ ಅದರ ಆಧಾರವಸ್ತು ಪ್ಲಾಸ್ಮಾ ಎಂಬ ದ್ರವವಾದ್ದರಿಂದ ಕಣಗಳಿಗೆ ಕಾಯಂ ನೆರೆಹೊರೆಯಿಲ್ಲ. ಹಾಗಾಗಿ ಒಂದೊಂದು ಕಣವನ್ನೂ ಅದರ ಗಾತ್ರ, ಆಕಾರಗಳಿಂದಲೇ ಗುರುತು ಹಿಡಿಯಬೇಕು. ಅದಕ್ಕೆ ಬೇಕಾದ ಅಳತೆಗೋಲು ಸ್ಲೈಡಿನ ತುಂಬ ಹರಡಿಕೊಂಡಿರುವ ಕೆಂಪುಕಣವೇ. ಅದರ ವ್ಯಾಸ 7ರಿಂದ 8 ಮೈಕ್ರೋಮೀಟರ್, ಅದಕ್ಕೆ ಕೋಶಕೇಂದ್ರವಿಲ್ಲ, ಎರಡೂ ಬದಿ ತಗ್ಗಾಗಿರುವುದರಿಂದ ನಡುವಿನ ಮೂರನೇ ಒಂದು ಭಾಗ ಬಿಳಚಿಕೊಂಡು ಕಾಣುತ್ತದೆ. ಸ್ಲೈಡಿನ ಮೇಲೆ ಸವರಿದ ರಕ್ತದ ಲೇಪ ದಪ್ಪಗಿರುವಲ್ಲಿ ಕಣಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಲೇಪ ತೆಳುವಾಗುವ ಬಾಲದ ತುದಿಯಲ್ಲಿ ಚಪ್ಪಟೆಯಾಗಿ ಆ ಬಿಳುಪನ್ನೇ ಕಳೆದುಕೊಂಡಿರುತ್ತವೆ. ಇವೆರಡರ ನಡುವೆ, ಕಣಗಳು ತಾಗಿಯೂ ತಾಗದಂತಿರುವ ಜಾಗದಲ್ಲಿ ನೋಟ ನಿಲ್ಲಿಸಿ.

ಈಗ ಉಳಿದವನ್ನು, ಅಂದರೆ ಪ್ಲೇಟ್‌ಲೆಟ್ ಮತ್ತು ಬಿಳಿಕಣಗಳನ್ನು, ಕೆಂಪುಕಣದ ಪಕ್ಕಕ್ಕಿಟ್ಟು ನೋಡಿ. ಅದರ ಮೂರನೇ ಒಂದು ಭಾಗದಷ್ಟಿರುವ ನೇರಳೆ ಚೂರು ಪ್ಲೇಟ್‌ಲೆಟ್. ಕೆಂಪುಕಣಕ್ಕಿಂತ ತುಸು ದೊಡ್ಡದಾಗಿ, ದುಂಡನೆಯ ಕೋಶಕೇಂದ್ರವೇ ಮೈತುಂಬಿದ್ದರೆ ಸಣ್ಣ ಲಿಂಫೋಸೈಟ್. ಕೆಂಪುಕಣದ ಹೆಚ್ಚುಕಡಿಮೆ ಎರಡರಷ್ಟಿದ್ದು, ಕೋಶಕೇಂದ್ರ ಎರಡರಿಂದ ಐದು ಹಾಲೆಗಳಾಗಿದ್ದರೆ ನ್ಯೂಟ್ರೋಫಿಲ್. ಎಲ್ಲಕ್ಕಿಂತ ದೊಡ್ಡದಾಗಿ, ಮೂತ್ರಪಿಂಡದಾಕಾರದ ಕೋಶಕೇಂದ್ರವಿರುವುದು ಮೊನೊಸೈಟ್. ಇಷ್ಟೆಲ್ಲ ಏಕೆ, ಬಣ್ಣ ನೋಡಿದರೆ ಸಾಲದೇ ಎಂದು ಕೇಳಬಹುದು. ಇನ್ನೊಂದು ಬಿಳಿಕಣವಾದ ಇಯೋಸಿನೋಫಿಲ್‌ನ ಕಿತ್ತಳೆಗೆಂಪು ಕಾಳುಗಳು ಎದ್ದು ಕಾಣುವುದೇನೋ ಸರಿ. ಆದರೆ ಲೇಪಕ್ಕೆ ಹಾಕುವ ಲೀಷ್ಮನ್ ಬಣ್ಣದ ಜೊತೆ ಬೆರೆಸುವ ನೀರಿನ ಆಮ್ಲೀಯತೆ ಹೆಚ್ಚಾದರೆ ಇಡೀ ಸ್ಲೈಡ್ ಕೆಂಪೇರುತ್ತದೆ, ಕ್ಷಾರೀಯವಾದರೆ ನೀಲಿಗೆ ತಿರುಗುತ್ತದೆ. ಬಣ್ಣ ನಮ್ಮ ಕೈಕೆಲಸ. ಅದು ಗುರುತನ್ನು ಖಚಿತಪಡಿಸಲಿ, ಮೊದಲ ತೀರ್ಪು ಕೊಡದಿರಲಿ.

ಅಳತೆಗೋಲೇ ಕೆಟ್ಟಿದ್ದರೆ? ಇದು ಗಟ್ಟಿಯಾದ ಆಕ್ಷೇಪ, ಏಕೆಂದರೆ ಕಬ್ಬಿಣದ ಕೊರತೆಯಲ್ಲಿ ಕೆಂಪುಕಣ ಕಿರಿದಾಗಿ ಬಿಳಚಿಕೊಳ್ಳುತ್ತದೆ. ಆಗ ಸಣ್ಣ ಲಿಂಫೋಸೈಟಿನ ಕೋಶಕೇಂದ್ರ ನೆರವಿಗೆ ಬರುತ್ತದೆ: ಅದು ಸಹಜ ಕೆಂಪುಕಣದಷ್ಟೇ ದೊಡ್ಡದು, ಆದ್ದರಿಂದ ಕಣ ಕುಗ್ಗಿದ್ದರೆ ಅಲ್ಲೇ ತಿಳಿಯುತ್ತದೆ. ಎಣಿಸಲು ಯಂತ್ರಗಳಿರುವಾಗ ಈ ಕಲಿಕೆ ಏಕೆಂಬುದು ಇನ್ನೊಂದು ಪ್ರಶ್ನೆ. ಯಂತ್ರ ಸಾವಿರಾರು ಕಣಗಳನ್ನು ಕ್ಷಣದಲ್ಲಿ ಎಣಿಸುತ್ತದೆ, ಸರಾಸರಿ ಗಾತ್ರವನ್ನೂ ಹೇಳುತ್ತದೆ. ಆದರೆ ಅನುಮಾನ ಬಂದಾಗ ಪ್ರಯೋಗಾಲಯ ಸ್ಲೈಡಿನ ಮೊರೆಯನ್ನೇ ಹೋಗುತ್ತದೆ. ಉದಾಹರಣೆಗೆ, ವೈವ್ಯಾಕ್ಸ್ ಮಲೇರಿಯಾದಲ್ಲಿ ಪರಾವಲಂಬಿ ಹೊಕ್ಕ ಕೆಂಪುಕಣ ಉಬ್ಬುತ್ತದೆ, ಫಾಲ್ಸಿಪಾರಂನಲ್ಲಿ ಉಬ್ಬುವುದಿಲ್ಲ. ಈ ವ್ಯತ್ಯಾಸ ಕಾಣುವುದು ಪಕ್ಕದ ಸಹಜ ಕಣದೊಡನೆ ಹೋಲಿಸಿದವರಿಗೆ. ರೋಗಿಗೆ ಯಾವ ಔಷಧಿ ಎಂಬ ನಿರ್ಧಾರಕ್ಕೂ ಅದು ದಾರಿ ತೋರುತ್ತದೆ. ಆದ್ದರಿಂದ ಹೊಸಬರು ಬಿಳಿಕಣಗಳ ಹೆಸರು ಬಾಯಿಪಾಠ ಮಾಡುವ ಮೊದಲು ಕೆಂಪುಕಣದ ಗಾತ್ರವನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಲಿ.